ತೊಗರಿ ಬಿತ್ತನೆ: ಗುಣಿಗೆ ಎಷ್ಟು ಬೀಜ ಊರಬೇಕು? ಸಂಭವನೀಯತೆಯ ಸರಳ ಲೆಕ್ಕ

ಪ್ರಮಾಣಿತ ತೊಗರಿ ಬೀಜಕ್ಕೆ ನಿಗದಿಪಡಿಸಿರುವ ಕನಿಷ್ಠ ಮೊಳಕೆ ಪ್ರಮಾಣ ಶೇ. 75. ಅಂದರೆ ನಾಲ್ಕು ಬೀಜಗಳಲ್ಲಿ ಸರಾಸರಿ ಮೂರು ಮೊಳೆಯುತ್ತವೆ. ಆದರೆ ಯಾವ ಗುಣಿಯ ಬೀಜ ಮೊಳೆಯದೆ ಉಳಿಯುವುದೆಂದು ಮುಂಚಿತವಾಗಿ ಹೇಳಲಾಗದು. ಎಷ್ಟು ಗುಣಿಗಳು ಖಾಲಿ ಉಳಿಯಬಹುದೆಂಬುದನ್ನು ಮಾತ್ರ ಅಂದಾಜಿಸಬಹುದು. ಈ ಲೆಕ್ಕಕ್ಕೆ ಸಂಖ್ಯಾಶಾಸ್ತ್ರದಲ್ಲಿ ದ್ವಿಪದ ವಿತರಣೆ ಎಂದು ಹೆಸರು. ಗುಣಾಕಾರ ಬಲ್ಲವರೆಲ್ಲರೂ ಇದನ್ನು ಮಾಡಬಹುದು.

ಸಾಲಿನಿಂದ ಸಾಲಿಗೆ 90 ಸೆಂ.ಮೀ., ಗುಣಿಯಿಂದ ಗುಣಿಗೆ 30 ಸೆಂ.ಮೀ. ಅಂತರವಿದ್ದರೆ ಎಕರೆಗೆ ಸುಮಾರು 15,000 ಗುಣಿಗಳಾಗುತ್ತವೆ. ನೂರು ಬೀಜಗಳ ತೂಕ 10 ಗ್ರಾಂ ಎಂದು ಭಾವಿಸೋಣ.

ಗುಣಿಗೆ ಒಂದು ಬೀಜ: ಒಂದು ಬೀಜ ಮೊಳೆಯದಿರುವ ಸಂಭವ ನಾಲ್ಕರಲ್ಲಿ ಒಂದು. ಆದ್ದರಿಂದ ಸುಮಾರು 3,750 ಗುಣಿಗಳು ಖಾಲಿ ಉಳಿಯುತ್ತವೆ. ಬೇಕಾಗುವ ಬೀಜ 1.5 ಕಿ.ಗ್ರಾಂ.

ಗುಣಿಗೆ ಎರಡು ಬೀಜ: ಗುಣಿ ಖಾಲಿಯಾಗಬೇಕಾದರೆ ಎರಡೂ ಬೀಜಗಳು ಮೊಳೆಯದೆ ಹೋಗಬೇಕು. ಅದರ ಸಂಭವ 1/4 × 1/4 = 1/16. ಎರಡೂ ಮೊಳೆಯುವ ಸಂಭವ 3/4 × 3/4 = 9/16. ಉಳಿದ 6/16 ಭಾಗದಲ್ಲಿ ಒಂದೇ ಸಸಿ ಇರುತ್ತದೆ. ಮೊದಲನೆಯದು ಮೊಳೆತು ಎರಡನೆಯದು ಮೊಳೆಯದಿರಬಹುದು ಅಥವಾ ಇದಕ್ಕೆ ವಿರುದ್ಧವಾಗಿಯೂ ಆಗಬಹುದು. ಹೀಗೆ ಪ್ರತಿ 16 ಗುಣಿಗಳಲ್ಲಿ ಸರಾಸರಿ 1 ಖಾಲಿ, 6ರಲ್ಲಿ ಒಂದು ಸಸಿ, 9ರಲ್ಲಿ ಎರಡು ಸಸಿ. ಎಕರೆಗೆ ಖಾಲಿ ಗುಣಿಗಳು ಸುಮಾರು 940. ಬೀಜ 3 ಕಿ.ಗ್ರಾಂ.

ಗುಣಿಗೆ ಮೂರು ಬೀಜ: ಖಾಲಿಯಾಗುವ ಸಂಭವ 1/64. ಖಾಲಿ ಗುಣಿಗಳು ಸುಮಾರು 235, ಬೀಜ 4.5 ಕಿ.ಗ್ರಾಂ.

ಎರಡನೆಯ ಬೀಜದಿಂದ ಸುಮಾರು 2,800 ಗುಣಿಗಳು ತುಂಬಿದರೆ, ಮೂರನೆಯದರಿಂದ ತುಂಬುವುದು ಸುಮಾರು 700 ಮಾತ್ರ. ಜೊತೆಗೆ, ಗುಣಿಗೆ ಒಂದೇ ಸಸಿ ಉಳಿಸುವುದಾದರೆ, ಮೂರು ಬೀಜ ಊರಿದಾಗ ಸುಮಾರು 12,650 ಗುಣಿಗಳಲ್ಲಿ ಹೆಚ್ಚುವರಿ ಸಸಿಗಳನ್ನು ಕೀಳಬೇಕಾಗುತ್ತದೆ. ಎರಡು ಊರಿದಾಗ ಈ ಸಂಖ್ಯೆ ಸುಮಾರು 8,440. ಆದ್ದರಿಂದ ಮೊಳಕೆ ಉತ್ತಮವಾಗಿರುವಾಗ ಎರಡು ಬೀಜ ಊರಿ, ಖಾಲಿ ಗುಣಿಗಳನ್ನು ಬೇಗನೆ ಮತ್ತೆ ಬೀಜ ಊರಿ ತುಂಬುವುದು ಸೂಕ್ತ.

ಆದರೆ ಹೊಲದಲ್ಲಿ ಶೇ. 60ರಷ್ಟು ಮಾತ್ರ ಮೊಳೆಯುವಂತಿದ್ದರೆ ಲೆಕ್ಕ ಬದಲಾಗುತ್ತದೆ. ಎರಡು ಬೀಜ ಊರಿದರೂ 0.4 × 0.4 = 0.16, ಅಂದರೆ 2,400 ಗುಣಿಗಳು ಖಾಲಿ. ಮೂರು ಊರಿದರೆ 960. ಇಂತಹ ಸಂದರ್ಭದಲ್ಲಿ ಮೂರನೆಯ ಬೀಜ ವ್ಯರ್ಥವಲ್ಲ. ಆದ್ದರಿಂದ ಬಿತ್ತುವ ಮುನ್ನ ಮೊಳಕೆ ಪರೀಕ್ಷೆ ಅವಶ್ಯ.

ಪರೀಕ್ಷೆಗೆ ಎಷ್ಟು ಬೀಜ? ಹತ್ತು ಬೀಜಗಳ ಪರೀಕ್ಷೆ ದಾರಿ ತಪ್ಪಿಸುತ್ತದೆ. ಶೇ. 75 ಮೊಳಕೆಯುಳ್ಳ ಉತ್ತಮ ಬೀಜದಲ್ಲಿಯೂ ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಕಡಿಮೆ ಮೊಳೆಯುವ ಸಂಭವ ಶೇ. 22ರಷ್ಟಿದೆ. ನೂರು ಬೀಜಗಳನ್ನು ಪರೀಕ್ಷಿಸಿದರೆ, 20 ಪರೀಕ್ಷೆಗಳಲ್ಲಿ ಸುಮಾರು 19ರಲ್ಲಿ ಫಲಿತಾಂಶ 67ರಿಂದ 83ರ ನಡುವೆ ಇರುತ್ತದೆ. ಆದ್ದರಿಂದ 72 ಮೊಳೆತರೆ ಬೀಜ ಕಳಪೆಯೆಂದು ತೀರ್ಮಾನಿಸಬಾರದು. ಆದರೆ ಸರಿಯಾಗಿ ತೇವ ಕಾಯ್ದುಕೊಂಡರೂ 60 ಅಥವಾ ಅದಕ್ಕಿಂತ ಕಡಿಮೆ ಮೊಳೆತರೆ ಅದನ್ನು ಆಕಸ್ಮಿಕವೆನ್ನಲಾಗದು, ಶೇ. 75ರ ಬೀಜದಲ್ಲಿ ಹೀಗಾಗುವ ಸಂಭವ ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಆಗ ಬಿತ್ತನೆ ಮಾಡದೆ, ಚೀಲ, ಅದರ ಚೀಟಿ ಹಾಗೂ ರಸೀದಿಯೊಂದಿಗೆ ರೈತ ಸಂಪರ್ಕ ಕೇಂದ್ರಕ್ಕೆ ತಿಳಿಸಿರಿ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ 400 ಬೀಜಗಳನ್ನು ಪರೀಕ್ಷಿಸುವುದು ಇದೇ ಕಾರಣಕ್ಕೆ.

ಎಚ್ಚರಿಕೆ: ಒಂದು ಬೀಜದ ಮೊಳಕೆ ಇನ್ನೊಂದನ್ನು ಅವಲಂಬಿಸಿಲ್ಲ ಎಂಬ ಆಧಾರದ ಮೇಲೆ ಈ ಲೆಕ್ಕ ನಿಂತಿದೆ. ಮಣ್ಣಿನ ಮೇಲ್ಪದರ ಹೆಪ್ಪುಗಟ್ಟಿದರೆ, ನೀರು ನಿಂತರೆ, ತೇವ ಸಾಲದಿದ್ದರೆ ಅಥವಾ ಇರುವೆ ಮುತ್ತಿದರೆ ಒಂದೇ ಗುಣಿಯ ಬೀಜಗಳೆಲ್ಲ ಒಟ್ಟಿಗೆ ಹಾಳಾಗುತ್ತವೆ. ಅಲ್ಲಿ ಗುಣಿಗೆ ಐದು ಬೀಜ ಊರಿದರೂ ಪ್ರಯೋಜನವಿಲ್ಲ. ಹದವರಿತ ಬಿತ್ತನೆ ಮತ್ತು ಬೀಜೋಪಚಾರಗಳೇ ಪರಿಹಾರ.

ವಿಸ್ತರಣಾ ಕಾರ್ಯಕರ್ತರು ಮೊಳಕೆಯ ನಂತರ ಹೊಲದ ನಾಲ್ಕೈದು ಕಡೆ ಒಟ್ಟು 160 ಗುಣಿಗಳನ್ನು ಎಣಿಸಿ ನೋಡಬೇಕು. ಎರಡು ಬೀಜದ ಬಿತ್ತನೆಯಲ್ಲಿ ಸುಮಾರು 10 ಗುಣಿಗಳು ಚದುರಿದಂತೆ ಖಾಲಿಯಿದ್ದರೆ ಅದು ಸಹಜ. ಖಾಲಿ ಗುಣಿಗಳು ಅದಕ್ಕಿಂತ ಬಹಳ ಹೆಚ್ಚಾಗಿದ್ದು, ಒಂದೇ ಕಡೆ ಗುಂಪಾಗಿದ್ದರೆ, ಬೀಜವನ್ನು ದೂರುವ ಮೊದಲು ಆ ಭಾಗದ ಮಣ್ಣನ್ನು ಪರೀಕ್ಷಿಸಬೇಕು.