ಉಡುಗೊರೆ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿ

ಮದುವೆಯ ದಿನಗಳು ಹತ್ತಿರ ಬಂದಂತೆ ಮನೆಯ ಹೆಂಗಸರ ತಲೆಗೆ ಬೀಳುವ ದೊಡ್ಡ ಚಿಂತೆ ಉಡುಗೊರೆಯದು. ವಧುವಿಗಾದರೆ ಸೀರೆ, ಬಳೆ, ಪಾತ್ರೆ ಹೀಗೆ ಹತ್ತು ದಾರಿಗಳಿವೆ. ಹೊಸ ಅಳಿಯನಿಗೆ ಏನು ಕೊಡುವುದು? ಬಟ್ಟೆ ಎಲ್ಲರೂ ಕೊಡುತ್ತಾರೆ, ಕೈಗಡಿಯಾರ ಅವನ ಬಳಿ ಆಗಲೇ ಎರಡಿರುತ್ತವೆ. ಈ ಚಿಂತೆಯನ್ನು ಚೆನ್ನಾಗಿ ಬಲ್ಲ ವ್ಯಾಪಾರಿಗಳು ಒಂದು ಹೊಸ ಸರಕನ್ನು ತಂದಿದ್ದಾರೆ. ಅದೇ ‘ಗಂಡಸರ ಗಿಫ್ಟ್ ಸೆಟ್’. ಮಖಮಲ್ಲು ಹಾಸಿದ ಮರದ ಪೆಟ್ಟಿಗೆ. ಅದರೊಳಗೆ ಸಿಗಾರ್, ಚಾಕು, ಲೈಟರ್. ನೋಡಿದರೆ ಯಾವುದೋ ನವಾಬರ ಮನೆಯಿಂದ ಬಂದಂತಿರುತ್ತದೆ.

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಝಳಕಿ ಸಿಗುತ್ತದೆ. ಹಿಂದಿನ 13ನೇ, ಈಗಿನ 52ನೇ ರಾಷ್ಟ್ರೀಯ ಹೆದ್ದಾರಿ ಇದು. ಅಲ್ಲಿನ ನಮ್ಮ ಬಂಧುಗಳ ಮನೆಗೂ ಇಂಥದೊಂದು ಪೆಟ್ಟಿಗೆ ಬಂದಿತ್ತು. ವಧುವಿನ ಅಣ್ಣ ತಂಗಿಯ ಗಂಡನಿಗೆಂದು ಎರಡೂವರೆ ಸಾವಿರ ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದ. ಹೆಂಗಸರೆಲ್ಲ ಸುತ್ತ ಕುಳಿತು ತೆರೆದರು. ನಾನಿ ಒಂದು ಪುಟ್ಟ ಉಪಕರಣವನ್ನು ಎತ್ತಿಕೊಂಡು, “ಅಡಕೊತ್ತು ಇಷ್ಟ ಸಣ್ಣದ ಯಾಕ ಮಾಡ್ಯಾರ?” ಎಂದರು. ಭಾಭಿ ಚಪ್ಪಟೆ ಸ್ಟೀಲ್ ಬಾಟಲಿಯನ್ನು ತಿರುಗಿಸಿ ನೋಡಿ, “ಇದು ತಲಿಗಿ ಹಚ್ಚೋ ಎಣ್ಣಿಗೆ ಇರಬೇಕು” ಎಂದರು. ಹುಡುಗ ತಲೆ ತಗ್ಗಿಸಿದ. ಅಡಕೊತ್ತು ಎಂದುಕೊಂಡದ್ದು ಸಿಗಾರ್‌ನ ತುದಿ ಕತ್ತರಿಸುವ ಕಟರ್. ಎಣ್ಣೆಯ ಬಾಟಲಿ ಎಂದುಕೊಂಡದ್ದು ಜೇಬಿನಲ್ಲಿ ಮದ್ಯ ಇಟ್ಟುಕೊಳ್ಳುವ ಫ್ಲಾಸ್ಕ್!

ಆಗ ನಾನಿ ಕೇಳಿದ ಪ್ರಶ್ನೆ ಇಷ್ಟೇ: “ಬೇಟಾ, ನಮ್ಮ ಅಳಿಯ ಬೀಡೀನೂ ಸೇದಂಗಿಲ್ಲ. ಇದನ್ನ ಕೊಟ್ಟು ಅವಗ ನಾವ ಕಲಸೂದೇನು?”

ಸೋದರಿಯರೇ, ಇಂಥ ಪೆಟ್ಟಿಗೆ ನಾಳೆ ನಿಮ್ಮ ಮನೆಗೂ ಬರಬಹುದು, ಅಥವಾ ನೀವೇ ಕೊಳ್ಳಲು ಹೊರಟಿರಬಹುದು. ಪೆಟ್ಟಿಗೆಯ ಅಂದವನ್ನು ಬದಿಗಿಟ್ಟು, ಒಳಗಿನ ಒಂದೊಂದೇ ವಸ್ತುವನ್ನು ಹೊರಗೆ ತೆಗೆದು ಬೆಲೆ ಕಟ್ಟೋಣ.

ಮೊದಲು ಸಿಗಾರ್

ಸಿಗಾರ್ ಎಂದರೆ ಹುದುಗಿಸಿದ ತಂಬಾಕಿನ ಎಲೆಗಳನ್ನೇ ಸುತ್ತಿ, ಮೇಲೆ ಮತ್ತೊಂದು ತಂಬಾಕಿನ ಎಲೆ ಹೊದಿಸಿದ ವಸ್ತು. ಕೆಲವು ದೊಡ್ಡ ಸಿಗಾರ್‌ಗಳಲ್ಲಿ ಒಂದು ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರುತ್ತದೆ. “ಇದರ ಹೊಗೆಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಅಪಾಯವಿಲ್ಲ” ಎನ್ನುವವರಿದ್ದಾರೆ. ಇದು ತಪ್ಪು ತಿಳಿವಳಿಕೆ. ಸಿಗಾರ್‌ನ ಹೊಗೆಯಲ್ಲಿ ಕ್ಷಾರದ ಗುಣ ಹೆಚ್ಚು. ಆದ್ದರಿಂದ ಅದರ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ, ಚಟವೂ ಹತ್ತುತ್ತದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ ಮತ್ತು ಶ್ವಾಸಕೋಶದ ಕ್ಯಾನ್ಸರ್‌ಗೆ ಸಿಗಾರ್ ಕಾರಣವಾಗುತ್ತದೆ. ದೊಡ್ಡ ಸಿಗಾರ್ ಒಂದು ಗಂಟೆಗೂ ಹೆಚ್ಚು ಕಾಲ ಉರಿಯಬಲ್ಲದು. ಅಷ್ಟು ಹೊತ್ತು ಆ ಹೊಗೆಯನ್ನು ಕುಡಿಯುವವರು ಯಾರು? ಅದೇ ಮನೆಯಲ್ಲಿರುವ ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ.

“ಸೇದಲು ಅಲ್ಲ, ಶೋಕೇಸಿನಲ್ಲಿಡಲು” ಎನ್ನುತ್ತೀರಾ? ಅದೂ ನಡೆಯುವುದಿಲ್ಲ. ಸಿಗಾರ್ ಕೆಡದಂತಿರಲು ಸುತ್ತಲಿನ ಗಾಳಿಯಲ್ಲಿ ಸುಮಾರು ಶೇ. 65ರಿಂದ 70ರಷ್ಟು ತೇವಾಂಶ ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಒಣ ಹವೆಯಲ್ಲಿ ಅದು ಒಣಗಿ ಬಿರುಕು ಬಿಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಶೋಕೇಸಿನ ವಸ್ತು ಮಕ್ಕಳ ಕಣ್ಣಿಗೆ ಬೀಳುತ್ತದೆ. ಮನೆಯ ಹಿರಿಯರೇ ಮಖಮಲ್ಲಿನ ಮೇಲಿಟ್ಟ ವಸ್ತು ಕೆಟ್ಟದ್ದೆಂದು ಒಂಬತ್ತನೇ ತರಗತಿಯ ಹುಡುಗ ಹೇಗೆ ನಂಬಿಯಾನು?

ಬಿಜಾಪುರದಿಂದ ಹೋದ ಉಡುಗೊರೆ

ಚೆಂದದ ಪೆಟ್ಟಿಗೆಯ ಜೊತೆ ಚಟ ಹೇಗೆ ಮನೆ ಸೇರುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಒಂದು ನಿದರ್ಶನವಿದೆ. ಸುಮಾರು 1604ರಲ್ಲಿ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಆಗ ಇಲ್ಲಿ ಎರಡನೇ ಇಬ್ರಾಹೀಂ ಆದಿಲ್ ಶಾಹಿಯ ಆಳ್ವಿಕೆ. ಬಿಜಾಪುರದಲ್ಲಿ ಅಸದ್ ಬೇಗ್ ತಂಬಾಕನ್ನು ಕಂಡ. ಉತ್ತರದಲ್ಲಿ ಅವನು ಅದನ್ನು ನೋಡಿರಲಿಲ್ಲ. ಬಾದಶಾಹನಿಗೆ ಅಪರೂಪದ ಕಾಣಿಕೆಯಾದೀತೆಂದು ಅದನ್ನು ಒಯ್ಯಲು ನಿರ್ಧರಿಸಿದ.

ಬರಿಯ ತಂಬಾಕನ್ನು ಒಯ್ಯಲಿಲ್ಲ. ಮೂರು ಮೊಳದ ಕೊಳವೆಯ ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ ಕೆಲಸ ಮಾಡಿಸಿದ. ಬಾಯಿಗಿಡುವ ತುದಿಗೆ ಯಮನ್ ದೇಶದ ಅಕೀಕ್ ಕಲ್ಲು, ಉರಿಸಲು ಚಿನ್ನದ ಬಟ್ಟಲು. ಸುಲ್ತಾನರು ಕೊಟ್ಟಿದ್ದ ಸೊಗಸಾದ ಎಲೆಯಡಿಕೆ ಚೀಲದಲ್ಲಿ ತಂಬಾಕನ್ನು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ದರಬಾರಿನಲ್ಲಿ ಇಟ್ಟ. ಇಂದಿನ ಗಿಫ್ಟ್ ಸೆಟ್‌ಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ!

ಅಕ್ಬರ್ ಕುತೂಹಲದಿಂದ ಎರಡು ಮೂರು ಬಾರಿ ಎಳೆದ. ಹಕೀಮರು ತಡೆದರು, ಪರೀಕ್ಷಿಸದ ವಸ್ತುವನ್ನು ಬಳಸುವುದು ಸರಿಯಲ್ಲವೆಂದು ಅವರ ವಾದ. ಅಸದ್ ಬೇಗ್ ಅವರೊಡನೆ ಚರ್ಚೆಗಿಳಿದ. ಕೊನೆಗೂ ಅಕ್ಬರ್ ಈ ಅಭ್ಯಾಸ ಹಚ್ಚಿಕೊಳ್ಳಲಿಲ್ಲ. ಆದರೆ ದರಬಾರಿನ ಅಮೀರರು ತಮಗೂ ಬೇಕೆಂದರು, ವರ್ತಕರು ಮಾರಲು ತೊಡಗಿದರು, ಚಟ ಬಲು ಬೇಗ ಹಬ್ಬಿತು. ಇದನ್ನೆಲ್ಲ ಬರೆದಿಟ್ಟವನು ಅಸದ್ ಬೇಗ್‌ನೇ. 1617ರಲ್ಲಿ ಜಹಾಂಗೀರ್ ತಂಬಾಕು ಸೇದಬಾರದೆಂದು ಆಜ್ಞೆ ಹೊರಡಿಸಿದರೂ ಅದು ನಿಲ್ಲಲಿಲ್ಲ. ಕೊಟ್ಟವನ ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಝಳಕಿಯ ಆ ಅಣ್ಣನದೂ ಅಷ್ಟೇ.

ಇನ್ನು ಚಾಕು

“ಸಿಗಾರ್ ಬಿಸಾಡೋಣ, ಚಾಕಾದರೂ ಉಪಯೋಗಕ್ಕೆ ಬರುತ್ತದಲ್ಲ” ಎಂದು ನೀವು ಕೇಳಬಹುದು. ನ್ಯಾಯವಾದ ಮಾತು. ಒಳ್ಳೆಯ ಚಾಕು ನಿಜಕ್ಕೂ ಬೆಲೆಬಾಳುವ ಉಡುಗೊರೆ. ಆದರೆ ಇಂಥ ಸೆಟ್‌ಗಳಲ್ಲಿ ಬರುವುದು ಹೆಚ್ಚಾಗಿ ನೋಟದ ಚಾಕು. ಅಲಗಿನ ಮೇಲೆ ಅಲೆ ಅಲೆಯಾದ ಗೆರೆಗಳಿರುತ್ತವೆ, ‘ಡಮಾಸ್ಕಸ್’ ಎಂದು ಬರೆದಿರುತ್ತದೆ. ಹಿಂದೆ ಡಮಾಸ್ಕಸ್ ಖಡ್ಗಗಳ ಕೀರ್ತಿಗೆ ಕಾರಣವಾದ ಮೂಸೆಯ ಉಕ್ಕು ನಮ್ಮ ದಕ್ಷಿಣ ಭಾರತದಿಂದಲೇ ಹೋಗುತ್ತಿತ್ತು. ಯುರೋಪಿನವರು ಅದನ್ನು ‘ವೂಟ್ಸ್’ ಎಂದರು. ಆ ಹೆಸರು ಕನ್ನಡದ ‘ಉಕ್ಕು’ ಎಂಬ ಪದದಿಂದ ಬಂದದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಅಂಥ ಹೆಸರನ್ನು ಇಂದು ಅಗ್ಗದ ತಗಡಿನ ಮೇಲೆ ಅಚ್ಚು ಹಾಕುತ್ತಿದ್ದಾರೆ.

ಮನೆಯಲ್ಲೇ ಪರೀಕ್ಷಿಸುವುದು ಸುಲಭ. ಪಾತ್ರೆ ತಿಕ್ಕುವ ಒರಟು ನಾರಿನಿಂದ ಅಲಗಿನ ಒಂದು ಮೂಲೆಯನ್ನು ತಿಕ್ಕಿ. ಗೆರೆಗಳು ಬಣ್ಣದಂತೆ ಎದ್ದು ಬಂದರೆ ಅದು ಅಚ್ಚು. ಅಲಗಿನ ಲೋಹ ಹಿಡಿಯ ಕೊನೆಯವರೆಗೂ ಹೋಗಿದೆಯೇ ನೋಡಿ. ತುಸುವೇ ಒಳಸೇರಿಸಿ ಅಂಟು ಹಾಕಿದ್ದರೆ ಜೋರಾಗಿ ಒತ್ತುವಾಗ ಕಳಚಿ ಕೈ ಕತ್ತರಿಸೀತು. ಒಂದು ನಿಂಬೆಹಣ್ಣು ಕೊಯ್ದು ಹತ್ತು ನಿಮಿಷ ರಸವನ್ನು ಹಾಗೆಯೇ ಬಿಡಿ. ಸ್ಟೇನ್‌ಲೆಸ್ ಎಂದು ಮಾರಿದ ಅಲಗು ಕಪ್ಪಾದರೆ ಅದು ಸ್ಟೇನ್‌ಲೆಸ್ ಅಲ್ಲ. ಕಮ್ಮಾರನು ಮಾಡಿದ ಸಾದಾ ಉಕ್ಕಿನ ಚಾಕು ಕಪ್ಪಾಗುವುದು ಸಹಜ; ಅದು ದೋಷವಲ್ಲ, ತೊಳೆದು ಒರೆಸಿ ಎಣ್ಣೆ ಸವರಿಟ್ಟರೆ ಸಾಕು.

ಕೊಳ್ಳುವ ಮುನ್ನ ಇದನ್ನೂ ತಿಳಿದಿರಿ

2003ರ ತಂಬಾಕು ಉತ್ಪನ್ನಗಳ ಕಾಯ್ದೆಯಂತೆ ತಂಬಾಕಿನ ಪೊಟ್ಟಣದ ಮೇಲೆ ಆರೋಗ್ಯದ ಎಚ್ಚರಿಕೆ ಇರಲೇಬೇಕು. ಹೊರದೇಶದಿಂದ ಆಮದಾದ ಸಿಗಾರ್‌ಗೂ ಇದು ಅನ್ವಯ. 2016ರಿಂದ ಆ ಚಿತ್ರಸಹಿತ ಎಚ್ಚರಿಕೆ ಪೊಟ್ಟಣದ ಶೇ. 85ರಷ್ಟು ಭಾಗವನ್ನು ಆವರಿಸಬೇಕು. ಅಂದವಾದ ಸಿಗಾರ್ ಪೊಟ್ಟಣದ ಮೇಲೆ ಎಚ್ಚರಿಕೆಯೇ ಇಲ್ಲವೆಂದರೆ ಅದು ನೇರ ದಾರಿಯಿಂದ ಬಂದ ಸರಕಲ್ಲ. ಕರ್ನಾಟಕದ ತಿದ್ದುಪಡಿ ಕಾನೂನು 2025ರಲ್ಲಿ ಜಾರಿಗೆ ಬಂದ ಮೇಲೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವುದು ನಮ್ಮ ರಾಜ್ಯದಲ್ಲಿ ಅಪರಾಧ.

ಲೈಟರ್‌ನಲ್ಲಿರುವುದು ಬೇಗ ಉರಿಯುವ ಅನಿಲ. ಒಲೆಯ ಬಳಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ, ಮಕ್ಕಳ ಕೈಗೆ ಸಿಗುವಲ್ಲಿ ಅದನ್ನು ಇಡಬೇಡಿ. ಗಲ್ಫ್‌ನಿಂದ ಬರುವ ಅಣ್ಣತಮ್ಮಂದಿರಿಗೂ ಹೇಳಿ: ಚಾಕನ್ನು ವಿಮಾನದ ಕೈಚೀಲದಲ್ಲಿ ತರುವಂತಿಲ್ಲ.

ಬದಲಿಗೆ ಏನು ಕೊಡಬಹುದು?

ದುಂದು ಸಲ್ಲದು, ದೇಹಕ್ಕೆ ಕೇಡು ಮಾಡಿಕೊಳ್ಳಬಾರದು ಎಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ಉಡುಗೊರೆಗೂ ಅದೇ ಅಳತೆ ಇರಲಿ. ಚಾಕನ್ನೇ ಕೊಡಬೇಕೆಂದಿದ್ದರೆ ಗಟ್ಟಿ ಹಿಡಿಯ, ಸಾಣೆ ಹಿಡಿಯಲು ಬರುವ ಒಂದು ಒಳ್ಳೆಯ ಚಾಕು ಕೊಡಿ. ಬಕ್ರೀದ್ ಹತ್ತಿರ ಬಂದಾಗ ಹರಿತವಾದ ಚಾಕು ಮನೆಗೆ ಎಷ್ಟು ಅಗತ್ಯ ಎಂಬುದು ನಿಮಗೆ ತಿಳಿದೇ ಇದೆ. ಮೊಂಡು ಅಲಗಿನಿಂದ ಪ್ರಾಣಿಗೆ ನೋವು ಕೊಡಬಾರದಲ್ಲವೇ? ಅದೇ ಹೆದ್ದಾರಿಯ ಆ ತುದಿಯಲ್ಲಿ ಸೊಲ್ಲಾಪುರದ ಚಾದರವಿದೆ, ವರ್ಷಗಟ್ಟಲೆ ಬಾಳಿಕೆ ಬರುತ್ತದೆ.

ಮನೆಯಲ್ಲಿ ಯಾರಿಗಾದರೂ ತಂಬಾಕಿನ ಚಟ ಆಗಲೇ ಇದ್ದರೆ ಜಗಳವಾಡಿ ಪ್ರಯೋಜನವಿಲ್ಲ. 1800-11-2356 ಸಂಖ್ಯೆಯ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ. ಅವರ ಪಕ್ಕದಲ್ಲಿ ಕುಳಿತು ನೀವೇ ಡಯಲ್ ಮಾಡಿಕೊಡಿ.

ಝಳಕಿಯ ಆ ಪೆಟ್ಟಿಗೆ ಏನಾಯಿತೆಂದು ಕೇಳುತ್ತೀರಾ? ಮಾರಿದವರು ಹಿಂದಕ್ಕೆ ಪಡೆಯಲಿಲ್ಲ. ಹುಡುಗನೇ ಸಿಗಾರ್‌ಗಳನ್ನು ಪುಡಿ ಮಾಡಿ ತಿಪ್ಪೆಗೆ ಹಾಕಿದ, ಫ್ಲಾಸ್ಕ್ ಗುಜರಿಗೆ ಹೋಯಿತು. ಚಾಕಿನ ‘ಡಮಾಸ್ಕಸ್’ ಗೆರೆಗಳು ಇಂಡಿಯ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕಿದ ದಿನವೇ ಅಳಿಸಿಹೋದವು. ಅಳಿಯನಿಗೆ ಸೊಲ್ಲಾಪುರದ ಚಾದರ ಹೋಯಿತು. ಉಳಿದದ್ದು ಮರದ ಪೆಟ್ಟಿಗೆಯೊಂದೇ. ಈಗ ಅದರಲ್ಲಿ ನಾನಿ ಸೂಜಿ ದಾರ ಇಟ್ಟುಕೊಂಡಿದ್ದಾರೆ.