ಸೋಲು ಗೊತ್ತಿದ್ದೂ ಬಿಡದೆ ಓದಿಸುವ ಕೊನೆಯ ಕಾದಂಬರಿ

ಐಸಾಕ್ ಅಸಿಮೊವ್ ತಮ್ಮ ‘ಫೌಂಡೇಶನ್’ ವೈಜ್ಞಾನಿಕ ಕಾದಂಬರಿ ಮಾಲೆಯನ್ನು 1953ರಲ್ಲಿ ಮೂರನೆಯ ಸಂಪುಟಕ್ಕೆ ನಿಲ್ಲಿಸಿದ್ದರು. ನಾಲ್ಕನೆಯದು ಬಂದದ್ದು 1982ರಲ್ಲಿ. ಅದೇ ವರ್ಷ ಕನ್ನಡದಲ್ಲಿ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಹೊರಬಂತು. ಚಿತ್ರದುರ್ಗದ ನಾಯಕರ ಕುರಿತ ಅವರ ಕಾದಂಬರಿಗಳಲ್ಲಿ ಅದೇ ಕೊನೆಯದು.

ಎರಡೂ ಪತನದ ಕಥೆಗಳೇ. ಅಸಿಮೊವ್‌ರಲ್ಲಿ ಹ್ಯಾರಿ ಸೆಲ್ಡನ್ ಎಂಬ ಗಣಿತಜ್ಞ ಸಾಮ್ರಾಜ್ಯ ಕುಸಿಯುತ್ತದೆಂದು ಲೆಕ್ಕ ಹಾಕಿ ಮೊದಲೇ ಹೇಳಿಬಿಡುತ್ತಾನೆ. ನಮಗೆ ಆ ಲೆಕ್ಕವೂ ಬೇಕಿಲ್ಲ. 1779ರಲ್ಲಿ ಹೈದರಾಲಿಗೆ ಕೋಟೆ ಬಿತ್ತೆಂಬುದು ದುರ್ಗದ ಮಕ್ಕಳಿಗೂ ಗೊತ್ತು. ಆದರೂ ಪುಸ್ತಕ ಕೆಳಗಿಡಲು ಆಗುವುದಿಲ್ಲ.

ಅದಕ್ಕೆ ಕಾರಣ ಹಿಂದಿನ ಕಾದಂಬರಿಗಳಲ್ಲಿದೆ ಎಂಬುದು ನನ್ನ ನಂಬಿಕೆ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಓದಿದವರು ದಳವಾಯಿ ಮುದ್ದಣ್ಣನ ಕಾಲದ ಅರಮನೆಯ ಒಳಸಂಚುಗಳನ್ನು ಕಂಡಿರುತ್ತಾರೆ. ಏಳು ಸುತ್ತಿನ ಕೋಟೆಗೆ ಹೊರಗಿನ ಫಿರಂಗಿಗಿಂತ ಒಳಗಿನ ಪಿಸುಮಾತೇ ಹೆಚ್ಚು ಅಪಾಯ ಎಂಬುದು ಅವರಿಗೆ ಮನದಟ್ಟಾಗಿರುತ್ತದೆ. ಅಂಥವರು ‘ದುರ್ಗಾಸ್ತಮಾನ’ದ ದರ್ಬಾರಿಗೆ ಕಾಲಿಟ್ಟರೆ ಪ್ರತಿ ನಗುವನ್ನೂ ಅನುಮಾನದಿಂದಲೇ ನೋಡುತ್ತಾರೆ. ನೇರವಾಗಿ ಇದನ್ನೇ ಕೈಗೆತ್ತಿಕೊಂಡವರಿಗೆ ವೀರಗಾಥೆ ದಕ್ಕುತ್ತದೆ, ಆ ಭಯ ದಕ್ಕುವುದಿಲ್ಲ.

ನಮ್ಮ ಜಿಲ್ಲೆಯವರಿಗೆ ಇನ್ನೂ ಒಂದು ಸುಖವಿದೆ. ವಂಶದ ಮೂಲಪುರುಷ ತಿಮ್ಮಣ್ಣ ನಾಯಕ ಮೊದಲು ಹೊಳಲ್ಕೆರೆಗೆ, ಬಳಿಕ ಹಿರಿಯೂರಿಗೆ ನಾಯಕನಾಗಿ, ಆಮೇಲೆ ದುರ್ಗಕ್ಕೆ ಬಂದವನು. ದುರ್ಗದ ಕೊನೆಯ ದೊರೆ ಮದಕರಿ ನಾಯಕ ಹೊಸದುರ್ಗ ಸೀಮೆಯ ಜಾನಕಲ್ಲಿನ ಕುಡಿ. 1754ರಲ್ಲಿ ಪಟ್ಟವೇರಿದಾಗ ಇನ್ನೂ ಹುಡುಗ. ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುವ ಊರುಗಳು ಒಂದು ರಾಜ್ಯದ ಹುಟ್ಟು–ಸಾವಿನಲ್ಲಿ ಪಾಲು ಪಡೆದಿವೆ ಎಂದು ತಿಳಿದರೆ ಯಾರ ಮೈ ಜುಮ್ಮೆನ್ನುವುದಿಲ್ಲ?

ತ.ರಾ.ಸು. 1984ರಲ್ಲಿ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ, ಮರಣೋತ್ತರವಾಗಿ.

ಹೊಸ ಓದುಗರಲ್ಲಿ ನನ್ನದೊಂದು ಕೋರಿಕೆ: ಪ್ರಶಸ್ತಿಯ ಹೆಸರು ಕೇಳಿ ಕೊನೆಯಿಂದ ಆರಂಭಿಸಬೇಡಿ, ‘ಕಂಬನಿಯ ಕುಯಿಲು’ ಮೊದಲು ಓದಿ. ನಮ್ಮ ತಾಲ್ಲೂಕುಗಳ ಗ್ರಂಥಾಲಯಗಳು ‘ದುರ್ಗಾಸ್ತಮಾನ’ ಒಂದನ್ನೇ ತರಿಸಿ ಸುಮ್ಮನಾಗದೆ, ಇಡೀ ಮಾಲೆಯನ್ನು ಒಂದೇ ಕಪಾಟಿನಲ್ಲಿ ಸಾಲಾಗಿ ಇಡಲಿ.