ತಾಳ ತಪ್ಪಿದ ಬಾಳು

86 ನಿಮಿಷಗಳ ಚಿತ್ರ. ಕಥೆಯಿಲ್ಲ, ನಾಯಕ ನಾಯಿಕೆಯರಿಲ್ಲ, ಸಂಭಾಷಣೆಯಿಲ್ಲ, ಮರೆಯಲ್ಲಿ ನಿಂತು ವಿವರಣೆ ನೀಡುವ ಕಂಠವೂ ಇಲ್ಲ. ಹೀಗಿದ್ದೂ, 1982ರಲ್ಲಿ ತೆರೆಕಂಡ ‘ಕೊಯಾನಿಸ್‌ಕಾತ್ಸಿ’ 2000ದಲ್ಲಿ ಅಮೆರಿಕದ ರಾಷ್ಟ್ರೀಯ ಚಲಚ್ಚಿತ್ರ ಪಟ್ಟಿಗೆ ಸೇರಿ, ಕಾಪಿಡಬೇಕಾದ ಕೃತಿಯೆಂಬ ಮನ್ನಣೆ ಪಡೆಯಿತು. ನಾಲಗೆ ತೊಡರುವ ಈ ಹೆಸರು ಅರಿಜೋನದ ಮೂಲನಿವಾಸಿಗಳಾದ ಹೋಪಿ ಜನರ ನುಡಿಯದು. ಕನ್ನಡದ ಬಾಯಲ್ಲಿ ಹೇಳುವುದಾದರೆ, ತಾಳ ತಪ್ಪಿದ ಬಾಳು.

ನಿರ್ದೇಶಕ ಗಾಡ್‌ಫ್ರೆ ರೆಜಿಯೊ ಹದಿಹರೆಯದಲ್ಲಿಯೇ ಕ್ರೈಸ್ತ ಸನ್ಯಾಸಿಗಳ ಸಂಘವೊಂದನ್ನು ಸೇರಿ, 14 ವರ್ಷಗಳನ್ನು ಮೌನ ಪ್ರಾರ್ಥನೆಗಳಲ್ಲಿ ಕಳೆದವರು. ಮಾತನ್ನು ತೊರೆದುದಕ್ಕೆ ಭಾಷೆಯ ಮೇಲಣ ತಾತ್ಸಾರ ಕಾರಣವಲ್ಲವೆಂದೂ, ಇಂದಿನ ಜಗತ್ತನ್ನು ಬಣ್ಣಿಸುವ ಶಕ್ತಿ ಮಾತಿಗೆ ಉಳಿದಿಲ್ಲವೆಂದೂ ಅವರ ವಾದ.

ಮಾತು ಬಿಟ್ಟ ಕೆಲಸವನ್ನು ಛಾಯಾಗ್ರಾಹಕ ರಾನ್ ಫ್ರಿಕ್ ವೇಗಕ್ಕೆ ವಹಿಸಿದರು. ಚಿತ್ರಮಂದಿರದಲ್ಲಿ ಸೆಕೆಂಡಿಗೆ 24 ಚಿತ್ರಗಳು ತೆರೆಯ ಮೇಲೆ ಸರಿಯುತ್ತವೆ. ಕ್ಯಾಮೆರಾ 10 ಸೆಕೆಂಡಿಗೊಂದರಂತೆ ಚಿತ್ರ ಹಿಡಿಯುತ್ತ ಹೋದರೆ, ಒಂದು ಗಂಟೆಯ ವ್ಯಾಪಾರವೆಲ್ಲ ತೆರೆಯ ಮೇಲೆ ಕಾಲು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸೆಕೆಂಡಿಗೆ 96 ಹಿಡಿದರೆ ಒಂದು ನಿಮಿಷ ನಾಲ್ಕಾಗಿ ಹಿಗ್ಗುತ್ತದೆ. ಉಪಾಯ ಹೊಸದೇನೂ ಅಲ್ಲ. ಮೊಗ್ಗು ಅರಳುವುದನ್ನು ತೋರಿಸುವ ಚಿತ್ರಗಳಲ್ಲಿ ಎಲ್ಲರೂ ಕಂಡದ್ದೇ. ಅದನ್ನು ಒಂದು ನಾಗರಿಕತೆಯನ್ನೇ ತೂಗುವ ತಕ್ಕಡಿಯಾಗಿ ಬಳಸಿದ್ದು ಇಲ್ಲಿಯ ಹೊಸತನ.

ಚಿತ್ರ ಮೊದಲಾಗುವುದು ಯೂಟಾದ ಹಾರ್ಸ್‌ಶೂ ಕಣಿವೆಯಲ್ಲಿ. ಪ್ರಾಚೀನರು ಬಂಡೆಯ ಮೇಲೆ ಬರೆದ ಆಳೆತ್ತರದ, ಕೈಕಾಲಿಲ್ಲದ ಆಕೃತಿಗಳು ನಿಶ್ಚಲವಾಗಿ ನಿಂತಿವೆ. ಆಮೇಲೆ ಮರುಭೂಮಿ, ಕಣಿವೆ. ಮೋಡಗಳು ಕಡಲಿನಂತೆ ಉಕ್ಕಿ ಬೆಟ್ಟಗಳ ಮೇಲೆ ಹರಿಯುತ್ತವೆ. ಮನುಷ್ಯನ ಸುಳಿವೇ ಇಲ್ಲ. ಬಹಳ ಹೊತ್ತಿನ ಮೇಲೆ ಗಣಿಯ ದೈತ್ಯ ಲಾರಿಯೊಂದು ಕಾಣಿಸಿ, ಕಪ್ಪು ಹೊಗೆಯಲ್ಲಿ ಮುಳುಗುತ್ತದೆ. ವಿದ್ಯುತ್ ಕಂಬಗಳು, ಅಣೆಕಟ್ಟು, ಪರಮಾಣು ಸ್ಫೋಟ. ಕ್ಯಾಲಿಫೋರ್ನಿಯದ ಕಡಲತೀರದಲ್ಲಿ ಜನರು ಬಿಸಿಲಿಗೆ ಮೈಯೊಡ್ಡಿ ಮಲಗಿದ್ದಾರೆ. ಅವರ ಬೆನ್ನ ಹಿಂದೆಯೇ ಸ್ಯಾನ್ ಒನೊಫ್ರೆಯ ಪರಮಾಣು ವಿದ್ಯುದಾಗಾರ! ಯಾರಿಗೂ ಅತ್ತ ಲಕ್ಷ್ಯವಿಲ್ಲ.

ಸೇಂಟ್ ಲೂಯಿ ನಗರದ ಪ್ರುಯಿಟ್-ಐಗೋ ವಸತಿಗಳ ದೃಶ್ಯವಂತೂ ಮರೆಯಲಾಗದ್ದು. 1950ರ ದಶಕದಲ್ಲಿ ಬಡವರಿಗಾಗಿ ಕಟ್ಟಿದ, 11 ಅಂತಸ್ತಿನ 33 ಕಟ್ಟಡಗಳವು. 20 ವರ್ಷ ತುಂಬುವ ಮೊದಲೇ, 1972ರಲ್ಲಿ, ಸಿಡಿಮದ್ದಿಟ್ಟು ಕೆಡಹುವ ಕೆಲಸ ಆರಂಭವಾಯಿತು. ಒಡೆದ ಕಿಟಕಿಗಳ ಸಾಲು ಸಾಲು. ಆಮೇಲೆ ಇಡೀ ಮನೆಸಮೂಹ ಮೊಣಕಾಲು ಮಡಿಸಿದಂತೆ ಕುಸಿದು ಧೂಳಾಗುತ್ತದೆ. ಬಂಡೆಯ ಮೇಲಣ ಬಣ್ಣವಾದರೋ ಶತಮಾನಗಳನ್ನು ದಾಟಿ ಉಳಿದಿದೆ.

ಸಂಗೀತ ಫಿಲಿಪ್ ಗ್ಲಾಸರದು. ಚಲಚ್ಚಿತ್ರ ಸಂಗೀತ ತಮ್ಮ ಕಸುಬಲ್ಲವೆಂದು ಮೊದಲು ನಿರಾಕರಿಸಿದ್ದ ಅವರು, ತಮ್ಮದೇ ಹಳೆಯ ಸಂಗೀತವನ್ನು ದೃಶ್ಯಗಳಿಗೆ ಜೋಡಿಸಿ ರೆಜಿಯೊ ತೋರಿಸಿದಾಗ ಮಣಿದರು. 1960ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಗೆ ಇಳಿಸುತ್ತ, ಅಲ್ಲಾ ರಖಾರಿಂದ ತಾಳದ ಲೆಕ್ಕ ಅರಿತವರು ಗ್ಲಾಸ್. ಪುಟ್ಟ ಸ್ವರಗುಚ್ಛವೊಂದು ಮರಳಿ ಮರಳಿ ಬಂದು, ಒಂದೆರಡು ಮಾತ್ರೆ ಕೂಡಿ, ಕಳೆದು, ಕೇಳುಗನ ಎದೆಬಡಿತವನ್ನೇ ವಶಕ್ಕೆ ತೆಗೆದುಕೊಳ್ಳುವ ಅವರ ಪದ್ಧತಿಗೆ ಅಲ್ಲಿಯ ನೀರು ಹರಿದಿದೆ.

ನಗರದ ಭಾಗ ಈ ಸಂಗೀತದ ಬೆನ್ನೇರಿ 20 ನಿಮಿಷಕ್ಕೂ ಮಿಕ್ಕು ಓಡುತ್ತದೆ. ಯಂತ್ರದಿಂದ ಸಾಸೇಜುಗಳು ಸಾಲಾಗಿ ಹೊರಬೀಳುತ್ತವೆ. ಚಲಿಸುವ ಮೆಟ್ಟಿಲುಗಳಿಂದ ಜನರೂ ಅದೇ ಲಯದಲ್ಲಿ ಹೊರಬೀಳುತ್ತಾರೆ. ವ್ಯಾಖ್ಯಾನವೇಕೆ ಬೇಕು? ಆದರೆ ತೊಡಕಿರುವುದೂ ಇಲ್ಲಿಯೇ. ರಾತ್ರಿಯ ರಸ್ತೆಯಲ್ಲಿ ಕಾರುಗಳ ದೀಪಗಳು ಕೆಂಪು ಬಿಳಿ ಹೊಳೆಗಳಾಗಿ ಹರಿಯುವಾಗ ಪ್ರೇಕ್ಷಕನಿಗೆ ಜುಗುಪ್ಸೆಯಾಗುವುದಿಲ್ಲ, ಬೆರಗಾಗುತ್ತದೆ. ಮೋಡಕ್ಕೆ ಸೊಬಗಿತ್ತ ಉಪಾಯವೇ ವಾಹನಗಳ ನೂಕುನುಗ್ಗಲಿಗೂ ಸೊಬಗನ್ನಿತ್ತಿದೆ. ಯಂತ್ರವನ್ನು ಹಳಿಯ ಹೊರಟ ಚಿತ್ರ ಯಂತ್ರದ ಕಣ್ಣಿಗೇ ಮರುಳಾಯಿತೆಂಬ ಟೀಕೆಗೆ ಸುಲಭದ ಉತ್ತರವಿಲ್ಲ. ಹಾಗೆ ನೋಡಿದರೆ, ಅಷ್ಟು ವೇಗದಲ್ಲಿ ತೋರಿಸಿದರೆ ದೇವರ ಜಾತ್ರೆಯೂ ಇರುವೆಗಳ ಸಾಲೇ!

ಚಿತ್ರ ನಿಜವಾಗಿ ಗೆಲ್ಲುವುದು ಓಟ ನಿಂತಾಗ. ಲಾಸ್ ವೇಗಸ್ಸಿನ ಜೂಜುಕಟ್ಟೆಯ ಪರಿಚಾರಿಕೆಯರು ಒಂದೇ ಬಗೆಯ ಉಡುಪಿನಲ್ಲಿ, ಮಿನುಗುವ ದೀಪಗಳ ಮುಂದೆ ಸಾಲಾಗಿ ನಿಂತು ಸುಮ್ಮನೆ ಇತ್ತ ನೋಡುತ್ತಾರೆ. ಜೆಟ್ ವಿಮಾನದ ಮುಂದೆ ಅದರ ಚಾಲಕ ನಿಂತಿದ್ದಾನೆ. ಇವರು ಇರುವೆಗಳಲ್ಲ. 1988ರ ‘ಪೊವಾಕಾತ್ಸಿ’ಯಲ್ಲಿ ರೆಜಿಯೊ ಈ ನಿಧಾನವನ್ನೇ ನೆಚ್ಚಿ, ಬ್ರೆಜಿಲ್ಲಿನ ಚಿನ್ನದ ಗಣಿಯಲ್ಲಿ ಮಣ್ಣಿನ ಮೂಟೆ ಹೊತ್ತು ಏರುವವರನ್ನು ತೋರಿಸಿದರು.

ಮೊದಲ ಚಿತ್ರದ ಕೊನೆಯಲ್ಲಿ ರಾಕೆಟ್ಟೊಂದು ನೆಗೆದು ಆಕಾಶದಲ್ಲಿ ಸಿಡಿಯುತ್ತದೆ. 1986ರ ಚಾಲೆಂಜರ್ ದುರಂತ ನೆನಪಾಗುವುದು ಸಹಜ. ಆದರೆ ಚಿತ್ರ ಅದಕ್ಕೆ ನಾಲ್ಕು ವರ್ಷ ಹಿಂದಿನದು. ಸಿಡಿದದ್ದು 1962ರ ಮೇ ತಿಂಗಳಲ್ಲಿ ಹಾರಿಸಿದ, ಮನುಷ್ಯರಿಲ್ಲದ ಅಟ್ಲಾಸ್-ಸೆಂಟಾರ್. ಉರಿಯುವ ಅದರ ತುಣುಕೊಂದು ತಿರುತಿರುಗಿ ಬೀಳುತ್ತದೆ, ಬೀಳುತ್ತಲೇ ಇರುತ್ತದೆ. ನೆಲ ಮುಟ್ಟುವುದು ಕಾಣುವುದೇ ಇಲ್ಲ. ಮತ್ತೆ ಬಂಡೆಯ ಆಕೃತಿಗಳು. ಅನಂತರವೇ ತೆರೆಯ ಮೇಲೆ ಅಕ್ಷರಗಳು ಮೂಡಿ ಆ ಹೋಪಿ ಪದದ ಅರ್ಥವನ್ನು ಬಿಡಿಸಿ ಹೇಳುತ್ತವೆ. ದೀಪ ಹೊತ್ತಿಕೊಳ್ಳಲು ಆಗ ಕೆಲವೇ ನಿಮಿಷ ಉಳಿದಿರುತ್ತದೆ.